ನೇತ್ರಾಣಿಯ ಹವಳ ಮತ್ತು ಒಂಟಿ ಯಾತ್ರಿಕ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಆ ಸ್ಥಳ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಬರೆಯುವುದು ಹಳೆಯ ರೂಢಿ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಜನರಿಗೆ ನಿತ್ಯದ ಓಡಾಟದಲ್ಲಿ ಕಡಲಿನ ಸುದ್ದಿ ಹೇಳುವ ವಸ್ತು ಬಹುಕಾಲ ಅದೊಂದೇ ಆಗಿತ್ತೆಂದರೆ ಅತಿಶಯೋಕ್ತಿಯಾಗಲಾರದು. ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ನೆಲೆಸಿದ ಈ ಊರುಗಳಿಂದ ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸದೆ ಉಪ್ಪುನೀರು ಕಾಣದು. ಅಂತಹ ಒಳನಾಡಿನ ತರುಣ ತರುಣಿಯರು ಇಂದು ವಾರಾಂತ್ಯದ ಸಂಜೆ ಬೆನ್ನಿಗೊಂದು ಚೀಲವನ್ನು ಬಿಗಿದುಕೊಂಡು, ಜೊತೆಗೆ ಯಾರನ್ನೂ ಕರೆಯದೆ, ಕರಾವಳಿಯ ರೈಲನ್ನೋ ಬಸ್ಸನ್ನೋ ಏರಿ ಹೊರಡುತ್ತಿದ್ದಾರೆ. ಅವರಲ್ಲಿ ಕೆಲವರ ಗುರಿ ಕಡಲತೀರವೂ ಅಲ್ಲ, ದೇವಾಲಯವೂ ಅಲ್ಲ; ಕಡಲಿನ ಒಳಗಿರುವ ಹವಳ.

ಒಂಟಿಯಾಗಿ ಹೊರಡುವುದನ್ನು ಕಂಡು ಹಿರಿಯರು ಹುಬ್ಬೇರಿಸುವುದುಂಟು. ಆದರೆ ಒಂಟಿ ಪಯಣ ಈ ನಾಡಿಗೆ ಹೊಸತೇನಲ್ಲ. ಒಂದೆಡೆ ನಿಲ್ಲದೆ ಸಂಚರಿಸುವವನಿಗೆ ಜಂಗಮನೆಂಬ ಹೆಸರಿತ್ತು ಗೌರವಿಸಿದ ಪರಂಪರೆ ಇದು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಅಕ್ಕಮಹಾದೇವಿ ನಡೆದ ದಾರಿಯನ್ನು ನೆನೆದರೆ, ಇಂದಿನ ತರುಣಿಯೊಬ್ಬಳು ಮುಂಗಡ ಟಿಕೆಟ್ಟು ಕೊಂಡು ಮುರುಡೇಶ್ವರಕ್ಕೆ ಹೋಗುವುದು ಅಂತಹ ಸಾಹಸವೆನಿಸದು. ನೆಲದ ಮೇಲಿನ ಒಂಟಿತನಕ್ಕೂ ನೀರಿನೊಳಗಿನ ಒಂಟಿತನಕ್ಕೂ ಇರುವ ವ್ಯತ್ಯಾಸ ಮಾತ್ರ ಬಹು ದೊಡ್ಡದು. ಆ ವ್ಯತ್ಯಾಸವನ್ನು ತಿಳಿಯದೆ ಹೊರಟವರು ತಮಗೂ ಅಪಾಯ ತಂದುಕೊಳ್ಳುತ್ತಾರೆ, ನೋಡಹೋದ ಹವಳಕ್ಕೂ ಅಪಾಯ ತರುತ್ತಾರೆ.

ಯಶವಂತಪುರವನ್ನು ಬಿಟ್ಟ ರೈಲು ಕುಣಿಗಲ್, ಹಾಸನಗಳನ್ನು ಹಾದು ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗಗಳ ಘಟ್ಟವನ್ನು ಇಳಿದು ಕರಾವಳಿ ಸೇರುತ್ತದೆ. ಅಲ್ಲಿಂದ ಉತ್ತರಕ್ಕೆ ತಿರುಗಿ, 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಭಟ್ಕಳವನ್ನು ದಾಟಿದರೆ ಮುರುಡೇಶ್ವರ. ಕಂದುಕ ಗುಡ್ಡದ ಮೇಲಿನ ಬೃಹತ್ ಶಿವಮೂರ್ತಿಯನ್ನೂ ಇಪ್ಪತ್ತು ಅಂತಸ್ತುಗಳ ರಾಜಗೋಪುರವನ್ನೂ ಕಾಣದ ಕನ್ನಡಿಗರು ವಿರಳ. ಅದೇ ತೀರದಿಂದ ಪಶ್ಚಿಮಕ್ಕೆ ದೋಣಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು, ಎಂದರೆ ಸುಮಾರು 19 ಕಿಲೋಮೀಟರ್, ಸಾಗಿದರೆ ನೀರಿನಿಂದ ಕಡಿದಾಗಿ ಎದ್ದು ನಿಂತ, ಕಾಡು ಮುಚ್ಚಿದ ಒಂದು ಬಂಡೆಗುಡ್ಡ ಎದುರಾಗುತ್ತದೆ. ಅದು ನೇತ್ರಾಣಿ. ಅದರ ಗುಹೆಗಳಲ್ಲಿ ಪಾರಿವಾಳಗಳು ನೆಲೆಸಿರುವುದರಿಂದ ಹಳೆಯ ಆಂಗ್ಲ ನಕ್ಷೆಗಳಲ್ಲಿ ಪಾರಿವಾಳ ದ್ವೀಪವೆಂದೇ ಹೆಸರು. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಮೇಲೆ ಆಡುಗಳೂ ಇವೆ. ಹಲವು ವರ್ಷ ನೌಕಾದಳದವರು ಈ ದ್ವೀಪವನ್ನು ಗುಂಡಿನ ತಾಲೀಮಿಗೆ ಗುರಿಯಾಗಿ ಬಳಸಿದ್ದುಂಟು. ಜೀವಿಶಾಸ್ತ್ರ ಬಲ್ಲವರೂ ಪರಿಸರಾಸಕ್ತರೂ ಅದಕ್ಕೆ ವಿರೋಧ ವ್ಯಕ್ತಪಡಿಸಿದ್ದೂ ಉಂಟು. ಕಡಲಹದ್ದಿನ ಗೂಡು, ಹವಳ, ಗುಂಡಿನ ಗುರಿ ಇವು ಮೂರೂ ಒಂದೇ ಬಂಡೆಯ ಸುತ್ತ ಸೇರಿದ್ದು ವಿಚಿತ್ರವಾದರೂ ನಿಜ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ಇಲ್ಲಿನ ನೀರಿಗೆ ಇಳಿದುದನ್ನು ಕಂಡ ಮೇಲೆ ಈ ಹೆಸರು ಮನೆಮಾತಾಯಿತು.

ಹವಳವೆಂದರೇನು ಎಂಬ ಪ್ರಶ್ನೆಗೆ ಹೆಚ್ಚಿನವರ ಮನಸ್ಸಿನಲ್ಲಿ ಮೊದಲು ಮೂಡುವುದು ತಾಳಿಯ ಜೊತೆಗೆ ಪೋಣಿಸುವ ಕೆಂಪು ಮಣಿ. ನವರತ್ನಗಳಲ್ಲಿ ಒಂದೆನಿಸಿದ ಆ ಮಣಿಗೂ ನೇತ್ರಾಣಿಯ ಹವಳಕ್ಕೂ ಹತ್ತಿರದ ನಂಟಿಲ್ಲ. ಆಭರಣದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಕತ್ತಲ ಬಂಡೆಸಂದುಗಳಲ್ಲಿ ಬೆಳೆಯತಕ್ಕದ್ದು. ಅದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಭಾರತದ ಪಶ್ಚಿಮ ತೀರದ ಬಂದರುಗಳಿಗೆ ಹಡಗಿನಲ್ಲಿ ಬಂದಿಳಿಯುತ್ತಿತ್ತೆಂಬುದಕ್ಕೆ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿಯೇ ಸಾಕ್ಷಿ. ದಿಬ್ಬ ಕಟ್ಟುವ ಹವಳದ ಅಸ್ಥಿಯಾದರೋ ಶುದ್ಧ ಬಿಳುಪು. ಅದರ ಮೇಲೆ ಕಾಣುವ ಕಂದು, ಹಸಿರು, ಹಳದಿ ಬಣ್ಣಗಳೆಲ್ಲ ಜೀವಂತ ಚರ್ಮದವು. ಜೀವ ಹೋದರೆ ಬಣ್ಣವೂ ಹೋಯಿತು.

ಹವಳ ಗಿಡವೋ, ಕಲ್ಲೋ, ಪ್ರಾಣಿಯೋ ಎಂಬ ವಿಷಯದಲ್ಲಿ ಪಂಡಿತರೂ ಬಹುಕಾಲ ಮೋಸಹೋದರು. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಹವಳದ ಹೂವೆಂದು ಎಲ್ಲರೂ ನಂಬಿದ್ದುದು ಹೂವಲ್ಲ, ಬಾಯಿಯುಳ್ಳ ಪುಟ್ಟ ಪ್ರಾಣಿಯೆಂದು ತೋರಿಸಿಕೊಟ್ಟಾಗ ಪ್ಯಾರಿಸ್ಸಿನ ವಿದ್ವತ್ಸಭೆ ಅದನ್ನು ಒಪ್ಪಲಿಲ್ಲ. ಕೊನೆಗೆ ಒಪ್ಪಬೇಕಾಯಿತು. ಆ ಪುಟ್ಟ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಬಹುತೇಕ ಜಾತಿಗಳಲ್ಲಿ ಅದರ ಅಗಲ ಕೆಲವೇ ಮಿಲಿಮೀಟರ್. ರಾಗಿಕಾಳಿನಿಂದ ಕಡಲೆಕಾಳಿನವರೆಗಿನ ಗಾತ್ರವೆನ್ನಬಹುದು. ಒಂದು ಚೀಲದಂತಹ ದೇಹ, ಮೇಲೆ ಒಂದೇ ಬಾಯಿ, ಬಾಯಿಯ ಸುತ್ತ ಕುಟುಕುವ ಕಣಗಳುಳ್ಳ ಎಳೆಗಳು, ಇಷ್ಟೇ ಅದರ ಸಂಸಾರ. ಅದು ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ ತನ್ನ ಬುಡಕ್ಕೆ ಒಂದು ಕಲ್ಲಿನ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ಒತ್ತಿನಲ್ಲೇ ಬಟ್ಟಲು ಕಟ್ಟುತ್ತ, ಹಳೆಯದರ ಮೇಲೆ ಹೊಸದನ್ನು ಪೇರಿಸುತ್ತ ಹೋದಂತೆ ಸಾವಿರಾರು ಪಾಲಿಪ್ಪುಗಳ ಒಂದು ಒಕ್ಕಲು ಸಿದ್ಧವಾಗುತ್ತದೆ. ನೋಡುವವನಿಗೆ ಅದು ಒಂದೇ ಬಂಡೆ.

ಆದರೆ ಅಷ್ಟು ಸುಣ್ಣ ಕಟ್ಟಲು ಬೇಕಾದ ಶಕ್ತಿ ಆ ಬಡಪ್ರಾಣಿಗೆ ಎಲ್ಲಿಂದ ಬಂದೀತು? ಉಷ್ಣವಲಯದ ತಿಳಿನೀರು ನೋಟಕ್ಕೆ ಚೆಂದ, ಆಹಾರದಲ್ಲಿ ಬಡತನ. ಇಲ್ಲಿಯೇ ಹವಳದ ಜೀವನದ ಗುಟ್ಟಿದೆ. ಪಾಲಿಪ್ಪಿನ ಚರ್ಮದ ಕಣಗಳೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲನ್ನು ಹಿಡಿದು ಸಕ್ಕರೆ ತಯಾರಿಸಿ ತಮ್ಮ ದುಡಿಮೆಯ ಬಹುಪಾಲನ್ನು ಮನೆಯೊಡೆಯನಿಗೇ ಒಪ್ಪಿಸುತ್ತವೆ. ಪಾಲಿಪ್ಪು ಅವುಗಳಿಗೆ ನೆಲೆಯನ್ನೂ ತನ್ನ ದೇಹದ ಕಶ್ಮಲದಲ್ಲಿರುವ ಸಾರಜನಕವನ್ನೂ ಕೊಡುತ್ತದೆ. ಒಬ್ಬರ ಎಂಜಲು ಇನ್ನೊಬ್ಬರ ಅನ್ನ. ಕಾಯಕ, ದಾಸೋಹಗಳ ಮಾತು ಕೇಳಿ ಬೆಳೆದ ಓದುಗರಿಗೆ ಈ ಏರ್ಪಾಡನ್ನು ವಿವರಿಸುವ ಕಷ್ಟವಿಲ್ಲ. ಆದರೆ ಇಲ್ಲಿ ಇಚ್ಛೆಯೂ ಇಲ್ಲ, ಪುಣ್ಯವೂ ಇಲ್ಲ, ಕೋಟಿ ವರ್ಷಗಳ ಹೊಂದಾಣಿಕೆ ಮಾತ್ರ ಇದೆಯೆಂಬುದನ್ನೂ ಜೊತೆಗೇ ಹೇಳಬೇಕು. ಈ ಪಾಲುಗಾರಿಕೆಯ ಕಾರಣದಿಂದಲೇ ಹವಳಕ್ಕೆ ಬಿಸಿಲು ಬೀಳುವಷ್ಟು ಆಳ, ಬಿಸಿಲು ಇಳಿಯುವಷ್ಟು ತಿಳಿನೀರು, ಹೆಚ್ಚು ಬಿಸಿಯೂ ಅಲ್ಲದ ತಂಪೂ ಅಲ್ಲದ ಉಷ್ಣತೆ ಇವೆಲ್ಲ ಒಟ್ಟಿಗೇ ಒದಗಬೇಕು.

ಬೆಳವಣಿಗೆಯ ವೇಗವನ್ನು ಗಮನಿಸಿದರೆ ಈ ಬದುಕಿನ ಬೆಲೆ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಕೊಂಬೆಯೊಡೆಯುವ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರಿನವರೆಗೆ ಬೆಳೆದರೂ, ಗುಂಡಾಗಿ ಗಟ್ಟಿಯಾಗಿ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಒಂದು ಅಡಿ ಅಗಲದ ಗುಂಡು ಹವಳವನ್ನು ಕಂಡರೆ, ಒಂದನೆಯ ತರಗತಿಗೆ ಸೇರಿದ ಮಗು ಪದವಿ ಮುಗಿಸಿ ಹೊರಬರುವಷ್ಟು ಕಾಲ ಅದರಲ್ಲಿ ಅಡಗಿದೆಯೆಂದು ಲೆಕ್ಕ ಹಾಕಬಹುದು. ಅದರ ಮೇಲೆ ಕಾಲಿಟ್ಟು ಒಂದು ನಿಮಿಷ ದಣಿವಾರಿಸಿಕೊಂಡವನಿಗೆ ತಾನು ಏನನ್ನು ತುಳಿದೆನೆಂಬುದೇ ತಿಳಿದಿರುವುದಿಲ್ಲ.

ಇಷ್ಟು ಉದ್ದದ ಕಡಲತೀರವಿದ್ದೂ ಕರ್ನಾಟಕದಲ್ಲಿ ಹವಳ ಏಕೆ ಅಪರೂಪ? ಉತ್ತರ ಘಟ್ಟದ ಮೇಲಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಮಳೆಗಾಲದಲ್ಲಿ ತರುವ ಸಿಹಿನೀರೂ ಕೆಂಪು ಮಣ್ಣೂ ತೀರದ ನೀರನ್ನು ಕದಡಿ ಬಿಸಿಲನ್ನು ತಡೆಯುತ್ತವೆ; ಮಣ್ಣಿನ ಪೊರೆ ಪಾಲಿಪ್ಪಿನ ಬಾಯನ್ನು ಮುಚ್ಚುತ್ತದೆ. ಅಡಕೆ ತೋಟಕ್ಕೆ ವರವಾದ ಮಳೆ ಹವಳಕ್ಕೆ ಶಾಪ. ನೇತ್ರಾಣಿ ತೀರದಿಂದ ದೂರವಿರುವುದರಿಂದ ಈ ಕೆಸರಿನ ಹಾವಳಿ ಅಲ್ಲಿ ಕಡಮೆ. ಹಿಡಿದು ನಿಲ್ಲಲು ಗಟ್ಟಿ ಬಂಡೆಯೂ ಉಂಟು. ಹಾಗೆಂದು ಅಲ್ಲಿ ಚಿತ್ರಪಟಗಳಲ್ಲಿ ಕಾಣುವಂತಹ ಹವಳದ ಉದ್ಯಾನವನ್ನು ನಿರೀಕ್ಷಿಸುವುದು ತಪ್ಪು. ನಿಜಾರ್ಥದಲ್ಲಿ ಹವಳವೇ ಕಟ್ಟಿದ ನೆಲವೆಂದರೆ ಲಕ್ಷದ್ವೀಪ. ಮುಳುಗಿದ ಬೆಟ್ಟಗಳ ಸುತ್ತ ಹವಳ ಮೇಲೆ ಮೇಲೆ ಬೆಳೆದು ಉಂಗುರಾಕೃತಿಯ ದ್ವೀಪಗಳಾಗುವ ಬಗೆಯನ್ನು ಚಾರ್ಲ್ಸ್ ಡಾರ್ವಿನ್ನನು 1842ರ ತನ್ನ ಗ್ರಂಥದಲ್ಲಿ ವಿವರಿಸಿದ್ದು ಅಂತಹವುಗಳ ವಿಷಯದಲ್ಲಿಯೇ. ಅಂಡಮಾನ್ ನಿಕೋಬಾರ್, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿಗಳಲ್ಲಿಯೂ ದೊಡ್ಡ ದಿಬ್ಬಗಳಿವೆ. ನೇತ್ರಾಣಿಯಲ್ಲಿರುವುದು ಬಂಡೆಗೆ ಅಂಟಿ ಅಲ್ಲಲ್ಲಿ ತೇಪೆ ತೇಪೆಯಾಗಿ ಬೆಳೆದ ಹವಳ. ಅಲ್ಪವಾದುದರಿಂದಲೇ ಅದರ ಬೆಲೆ ಹೆಚ್ಚು. ಲಕ್ಷದ್ವೀಪಕ್ಕೆ ಅನುಮತಿಪತ್ರ, ಹಡಗು, ವಿಮಾನಗಳ ಖಟಾಟೋಪ ಬೇಕು. ನೇತ್ರಾಣಿ ಒಂದು ರಾತ್ರಿಯ ಪಯಣ.

ಇನ್ನು ನೋಡುವ ಬಗೆ. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ. ಅದಕ್ಕೆ ಪಕ್ಕದಲ್ಲಿಯೇ ಶಿಕ್ಷಕನಿರುತ್ತಾನೆ. ನೀರಿನ ಮೇಲೆ ಬೋರಲು ತೇಲುತ್ತ, ಬಾಯಲ್ಲಿ ಕಚ್ಚಿದ ಕೊಳವೆಯ ಮೂಲಕ ಉಸಿರಾಡುತ್ತ, ಕನ್ನಡಕದೊಳಗಿನಿಂದ ಕೆಳಗೆ ನೋಡುವುದು ಸ್ನಾರ್ಕೆಲಿಂಗ್. ಉಪಕರಣ ಸರಳ, ಖರ್ಚು ಕಡಮೆ. ಬೆನ್ನಚೀಲದ ಯಾತ್ರಿಕನಿಗೆ ಹೇಳಿ ಮಾಡಿಸಿದಂತಹುದು. ಈ ಉಪಾಯವನ್ನು ಆನೆ ಮನುಷ್ಯನಿಗಿಂತ ಮೊದಲೇ ಬಲ್ಲದು. ಕಬಿನಿಯ ಹಿನ್ನೀರಿನಲ್ಲಿ ಆನೆಗಳು ದೇಹವನ್ನೆಲ್ಲ ಮುಳುಗಿಸಿ ಸೊಂಡಿಲ ತುದಿಯನ್ನು ಮಾತ್ರ ಮೇಲೆತ್ತಿ ಈಜುವುದನ್ನು ಕಂಡವರಿದ್ದಾರೆ. ಮುಳುಗುಗಾರರು ಬಳಸುವ ಉಸಿರುಕೊಳವೆಯನ್ನು ಆನೆಯ ಸೊಂಡಿಲಿಗೆ ಹೋಲಿಸಿ ಅರಿಸ್ಟಾಟಲನು ಬರೆದು ಎರಡು ಸಾವಿರದ ಮುನ್ನೂರು ವರ್ಷಗಳಾದವು.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಪ್ರಶ್ನೆಯೊಂದಿದೆ: ಕೊಳವೆಯನ್ನು ಒಂದು ಮಾರು ಉದ್ದ ಮಾಡಿದರೆ ಆಳದಲ್ಲಿಯೇ ನಿಂತು ನೋಡಬಹುದಲ್ಲ? ಆಗದು. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 100 ಗ್ರಾಂ ಭಾರವನ್ನು ಹೇರುತ್ತದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಎದೆಭಾಗಕ್ಕೆ ಲೆಕ್ಕ ಹಾಕಿದರೆ ಅದು 90 ಕಿಲೋಗ್ರಾಮಿನಷ್ಟಾಗುತ್ತದೆ. ಹೊರಗಿನ ಗಾಳಿಗೆ ತೆರೆದ ಕೊಳವೆಯಿಂದ ಉಸಿರೆಳೆಯುವವನು ಪ್ರತಿ ಸಲವೂ ಎದೆಯ ಮೇಲಿಟ್ಟ ಅಕ್ಕಿಮೂಟೆಯನ್ನು ಎತ್ತಿದಂತೆ ಎದೆಯನ್ನು ಹಿಗ್ಗಿಸಬೇಕು. ಮನುಷ್ಯನ ಸ್ನಾಯುಗಳಿಗೆ ಅದು ಸಾಧ್ಯವಿಲ್ಲ; ಆನೆಯ ಪುಪ್ಪುಸದ ಸುತ್ತಣ ರಚನೆಯೇ ಬೇರೆ. ಮೇಲಾಗಿ ಕೊಳವೆ ಉದ್ದವಾದಷ್ಟೂ ಬಿಟ್ಟ ಉಸಿರು ಅದರಲ್ಲಿಯೇ ಉಳಿದು ಮತ್ತೆ ಒಳಗೆ ಬರುತ್ತದೆ. ಆದುದರಿಂದಲೇ ಕೊಳವೆಯ ಉದ್ದ ಒಂದು ಅಡಿಯ ಆಸುಪಾಸಿನಲ್ಲಿರುತ್ತದೆ. ನಿಧಾನವಾಗಿ, ಆಳವಾಗಿ ಉಸಿರಾಡಬೇಕೆಂದು ಹೇಳುವುದಕ್ಕೂ ಇದೇ ಕಾರಣ. ಗಾಬರಿಯಿಂದ ಗಿಡ್ಡ ಗಿಡ್ಡವಾಗಿ ಉಸಿರಾಡಿದರೆ ಹಳಸಿದ ಗಾಳಿಯೇ ಒಳಗೂ ಹೊರಗೂ ಓಡಾಡುತ್ತದೆ. ಪ್ರಾಣಾಯಾಮ ಕಲಿತವರಿಗೆ ಇದು ಬೇಗ ಒಗ್ಗುತ್ತದೆ.

ಕನ್ನಡಕದ ವಿಷಯವೂ ಸ್ವಾರಸ್ಯಕರ. ಬರಿಗಣ್ಣನ್ನು ನೀರಿನಲ್ಲಿ ತೆರೆದರೆ ಎಲ್ಲವೂ ಮಸುಕು, ಏಕೆಂದರೆ ಬೆಳಕನ್ನು ಬಾಗಿಸುವ ಕೆಲಸದ ಬಹುಭಾಗವನ್ನು ಮಾಡುವುದು ಗಾಳಿಗೂ ಕಣ್ಣಿನ ಮುಂಪೊರೆಗೂ ನಡುವಣ ಅಂಚು. ಗಾಳಿಯ ಬದಲು ನೀರು ಬಂದರೆ ಆ ಅಂಚಿನ ಶಕ್ತಿ ಅಳಿಯುತ್ತದೆ. ಗಾಜಿನ ಹಿಂದೆ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟು ಕನ್ನಡಕ ಅದನ್ನು ಮರಳಿ ಕೊಡುತ್ತದೆ. ಕೊಡುವಾಗ ಒಂದು ಸುಳ್ಳನ್ನೂ ಸೇರಿಸುತ್ತದೆ: ನಾಲ್ಕು ಅಡಿ ದೂರದ ಮೀನು ಮೂರು ಅಡಿಯಲ್ಲಿದ್ದಂತೆ, ಮೂರು ಅಂಗುಲದ್ದು ನಾಲ್ಕು ಅಂಗುಲದಂತೆ ಕಾಣಿಸುತ್ತದೆ. ಮೊದಲ ಸಲ ಹೋಗಿಬಂದವರು ಹೇಳುವ ಮೀನಿನ ಗಾತ್ರದಲ್ಲಿ ನಾಲ್ಕನೆಯ ಒಂದು ಪಾಲನ್ನು ಕಳೆದು ನಂಬುವುದು ಒಳ್ಳೆಯದು. ಇನ್ನೊಂದು ಮಾತು. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲಿಯೇ ನುಂಗಿಬಿಡುವುದರಿಂದ ಆಳದ ಬಣ್ಣಗಳು ನೀಲಿ ಬೂದಿಗೆ ತಿರುಗುತ್ತವೆ. ದೀಪ ಹಿಡಿದು ತೆಗೆದ ಛಾಯಾಚಿತ್ರಗಳನ್ನು ನೋಡಿ ಹೋದವರಿಗೆ ನಿಜವಾದ ಹವಳ ಮಂಕಾಗಿ ತೋರಿ ನಿರಾಶೆಯಾಗುವುದಿದೆ. ಆ ನಿರಾಶೆ ಹತ್ತು ನಿಮಿಷದ್ದು. ಆಮೇಲೆ ಕಣ್ಣು ಬಣ್ಣವನ್ನು ಬಿಟ್ಟು ಚಲನೆಯನ್ನು ಹಿಡಿಯತೊಡಗುತ್ತದೆ: ಜೋಡಿಯಾಗಿ ಸುಳಿಯುವ ಚಿಟ್ಟೆಮೀನು, ಹವಳದ ಸಂದಿನಿಂದ ಅರ್ಧ ಮೋರೆ ತೋರಿ ಹಿಂದೆ ಸರಿಯುವ ಮುರುಮೀನು, ಕೊಕ್ಕಿನಂತಹ ಹಲ್ಲಿನಿಂದ ಬಂಡೆಯನ್ನು ಕೆರೆಯುವ ಗಿಳಿಮೀನು. ಗಿಳಿಮೀನು ಕೆರೆಯುವ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಅದು ನುಂಗಿದ ಸುಣ್ಣ ನುಣ್ಣನೆಯ ಮರಳಾಗಿ ಹೊರಬೀಳುತ್ತದೆ. ಹವಳದ್ವೀಪಗಳ ಬಿಳಿಯ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಜಗತ್ತಿನ ಸಮುದ್ರತಳದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಹವಳದ ದಿಬ್ಬಗಳು ಕಡಲಜೀವಿಗಳ ಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಸರೆಯೆಂಬುದು ವಿಜ್ಞಾನಿಗಳ ಅಂದಾಜು.

ಈಜು ಬಲ್ಲವನಿಗೆ ಇದೆಲ್ಲ ಸುಲಭವಲ್ಲವೇ ಎನ್ನಬಹುದು. ಉತ್ತರ ಬೆಂಗಳೂರಿನ ಹಿಂದಿನ ತಲೆಮಾರಿನವರು ಈಜು ಕಲಿತದ್ದು ತೋಟದ ಬಾವಿಗಳಲ್ಲಿ, ಕೆರೆಗಳಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಅಣ್ಣನೋ ಮಾವನೋ ನೀರಿಗೆ ತಳ್ಳಿದಾಗ. ಆ ಬಾವಿಗಳ ಮೇಲೆ ಈಗ ಮನೆಗಳೆದ್ದಿವೆ. ಕೆರೆಗಳಲ್ಲಿ ಈಜುವ ಮಾತೇ ಇಲ್ಲ. ಇಂದಿನವರು ಕಲಿಯುವುದು ನೀಲಿ ಹಂಚು ಹೊದಿಸಿದ ಕೊಳದಲ್ಲಿ. ಅಲ್ಲಿ ತಳ ಕಾಣುತ್ತದೆ, ಅಂಚು ಕೈಗೆಟಕುತ್ತದೆ, ನೀರು ನಿಂತಲ್ಲೇ ನಿಂತಿರುತ್ತದೆ. ಕಡಲಿನಲ್ಲಿ ಇವು ಮೂರೂ ಇಲ್ಲ. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರವಾದುದರಿಂದ ದೇಹ ಸುಲಭವಾಗಿ ತೇಲುತ್ತದೆಂಬುದೇನೋ ನಿಜ. ಆದರೆ ಹವಳವನ್ನು ನೋಡುತ್ತ ತಲೆ ತಗ್ಗಿಸಿ ತೇಲುವವನಿಗೆ ಸೆಳವು ತನ್ನನ್ನು ದೋಣಿಯಿಂದ ಎಷ್ಟು ದೂರ ಒಯ್ದಿದೆಯೆಂಬುದೇ ಅರಿವಿಗೆ ಬರುವುದಿಲ್ಲ. ಬೆನ್ನು ಬಿಸಿಲಿಗೆ ಬೆಂದಿರುವುದು ಸಂಜೆಗಷ್ಟೇ ಗೊತ್ತಾಗುತ್ತದೆ. ಚೆನ್ನಾಗಿ ಈಜುವವರೂ ತೇಲುವ ಅಂಗಿಯನ್ನು ತೊಡಬೇಕೆಂಬ ನಿಯಮ ಇದಕ್ಕಾಗಿಯೇ. ಸೋರೆಬುರುಡೆ ಕಟ್ಟಿಕೊಂಡು ಕಲಿತವರ ಮಕ್ಕಳು ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ.

ಎಲ್ಲಕ್ಕಿಂತ ಮೋಸದ ಅಪಾಯ ಬೇರೊಂದಿದೆ. ಕೆಳಗಿನ ಹವಳವನ್ನು ಹತ್ತಿರದಿಂದ ನೋಡುವ ಆಸೆಗೆ ಕೆಲವರು ಬಿರಬಿರನೆ ಹತ್ತಾರು ಸಲ ಉಸಿರೆಳೆದು ಮುಳುಗುತ್ತಾರೆ. ಉಸಿರಾಡಬೇಕೆಂಬ ತಹತಹವನ್ನು ದೇಹದಲ್ಲಿ ಮುಖ್ಯವಾಗಿ ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈ ಆಕ್ಸೈಡಿನ ಏರಿಕೆ. ಬಿರುಸಿನ ಉಸಿರಾಟ ಅದನ್ನು ಮೊದಲೇ ಹೊರಹಾಕಿಬಿಡುವುದರಿಂದ ಎಚ್ಚರಿಕೆಯ ಗಂಟೆ ತಡವಾಗಿ ಬಾರಿಸುತ್ತದೆ. ಅದು ಬಾರಿಸುವ ಮೊದಲೇ ಆಮ್ಲಜನಕ ತೀರಿ, ಮೇಲಕ್ಕೆ ಬರುವ ದಾರಿಯಲ್ಲಿ ಪ್ರಜ್ಞೆ ತಪ್ಪುತ್ತದೆ. ನೋವಿಲ್ಲ, ಒದ್ದಾಟವಿಲ್ಲ, ಕೂಗಿಲ್ಲ. ದೂರದಿಂದ ನೋಡುವವರಿಗೆ ಆತ ಇನ್ನೂ ಹವಳವನ್ನೇ ನೋಡುತ್ತಿರುವಂತೆ ತೋರುತ್ತದೆ. ಪಕ್ಕದಲ್ಲಿ ಒಬ್ಬರಿದ್ದು ಕೂಡಲೇ ಮುಖವನ್ನು ಮೇಲೆತ್ತಿದರೆ ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ಊರೂರು ಒಂಟಿಯಾಗಿ ಸುತ್ತುವವನೂ ನೀರಿಗಿಳಿಯುವಾಗ ಒಬ್ಬ ಜೊತೆಗಾರನನ್ನು ಗೊತ್ತುಮಾಡಿಕೊಳ್ಳಬೇಕೆಂದು ಬಲ್ಲವರು ಹೇಳುವುದು ವಾಡಿಕೆಯ ಮಾತಲ್ಲ. ದೋಣಿಯಲ್ಲಿ ಪಕ್ಕ ಕುಳಿತ ಅಪರಿಚಿತನೇ ಸಾಕು. ‘ನೀವು ನನ್ನನ್ನು ನೋಡುತ್ತಿರಿ, ನಾನು ನಿಮ್ಮನ್ನು ನೋಡುತ್ತಿರುತ್ತೇನೆ’ ಎಂಬ ಒಪ್ಪಂದಕ್ಕೆ ಹಳೆಯ ಪರಿಚಯ ಬೇಕಿಲ್ಲ. ಹೃದ್ರೋಗ, ಉಬ್ಬಸ ಇರುವವರು ಅದನ್ನು ದೋಣಿಯವರಿಂದ ಮುಚ್ಚಿಡುವುದೂ ಅಪಾಯಕರ.

ಇದೇ ಮುರುಡೇಶ್ವರದ ತೀರದಲ್ಲಿ 2024ರ ಡಿಸೆಂಬರಿನಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅವರು ಹವಳ ನೋಡಲು ಹೋದವರಲ್ಲ. ಮೊಣಕಾಲ ಮಟ್ಟದ ನೀರಿನ ಸಂತೋಷಕ್ಕೆ ಬಂದ, ಒಳನಾಡಿನ ಮಕ್ಕಳು. ಆ ದುರಂತದ ಬಳಿಕ ಕೆಲಕಾಲ ಅಲ್ಲಿ ಕಡಲಿಗಿಳಿಯುವುದನ್ನೇ ನಿಷೇಧಿಸಲಾಯಿತು. ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಊಟ, ವಸತಿ, ಬಸ್ಸಿನ ವಿವರಗಳಿರುತ್ತವೆ. ಮಕ್ಕಳಲ್ಲಿ ಎಷ್ಟು ಮಂದಿಗೆ ನೀರಿನಲ್ಲಿ ಎರಡು ನಿಮಿಷ ಅಂಗಾತ ತೇಲಲು ಬರುತ್ತದೆಂಬ ಕಾಲಮ್ಮು ಇರುವುದಿಲ್ಲ. ಪ್ರಸ್ಥಭೂಮಿಯ ಶಾಲೆಗಳಿಗೆ ಈಜು ಆಟವಲ್ಲ, ಪಾಠವೆಂದು ತೋರಬೇಕಾದ ಕಾಲ ಬಂದಿದೆ. ಈಜುಕೊಳಕ್ಕೆ ನೆರವಾಗುವ ದಾನಿಗಳು ಕಟ್ಟಡದ ದಾನಿಗಳಷ್ಟೇ ದೊರೆತಿದ್ದರೆ ಎಷ್ಟೋ ಮನೆಗಳ ದೀಪ ಉಳಿಯುತ್ತಿತ್ತು.

ಹವಳದ ಕಡೆಯ ಲೆಕ್ಕವೂ ಇದೆ. ಬೇಸಗೆಯ ಅತಿ ಹೆಚ್ಚಿನ ಉಷ್ಣತೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಹಾಗೆಯೇ ನಿಂತರೆ ಪಾಲಿಪ್ಪು ಮತ್ತು ಪಾಚಿಗಳ ಪಾಲುಗಾರಿಕೆ ಮುರಿದುಬೀಳುತ್ತದೆ. ಬಿಸಿಗೆ ತಾಳತಪ್ಪಿದ ಪಾಚಿಯನ್ನು ಪಾಲಿಪ್ಪು ಹೊರದೂಡುತ್ತದೆ. ಬಣ್ಣ ಹೋಗಿ ಬಿಳಿಯ ಅಸ್ಥಿ ಹೊರಗೆ ಕಾಣುತ್ತದೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಉಪವಾಸ ಬಿದ್ದ ಹವಳ. ಬೇಗ ತಂಪಾದರೆ ಚೇತರಿಸಿಕೊಂಡೀತು. 1998ರಲ್ಲಿ ಲಕ್ಷದ್ವೀಪದ ಹವಳದ ಬಹುಭಾಗ ಹೀಗೆ ನಾಶವಾಯಿತು. 2010, 2016ರಲ್ಲಿ ಮತ್ತೆ ಪೆಟ್ಟು ಬಿದ್ದಿತು. 2024ರ ಏಪ್ರಿಲಿನಲ್ಲಿ ಜಾಗತಿಕ ಮಟ್ಟದ ನಾಲ್ಕನೆಯ ಬಿಳಿಚುವಿಕೆಯನ್ನು ವಿಜ್ಞಾನಿಗಳು ಸಾರಿದರು. ಅದೇ ವರ್ಷ ಲಕ್ಷದ್ವೀಪದಿಂದಲೂ ಅಂತಹುದೇ ವರದಿ ಬಂತು. ಹೀಗೆ ಬಿಸಿಯಿಂದ ನಲುಗಿದ ಹವಳಕ್ಕೆ ಪ್ರವಾಸಿಯ ಒಂದು ಒದೆತ ಹೆಚ್ಚುವರಿ ಪೆಟ್ಟು. ಕಾಲಿನ ರೆಕ್ಕೆಪಟ್ಟಿ ಬಡಿದು ಕೊಂಬೆ ಮುರಿಯುವುದು, ತಳದ ಕೆಸರೆದ್ದು ಪಾಲಿಪ್ಪಿನ ಮೇಲೆ ಕೂರುವುದು, ದೋಣಿಯ ಲಂಗರು ಬಂಡೆಯನ್ನು ಉಜ್ಜುವುದು ಇವೆಲ್ಲ ಸಣ್ಣವೆಂದು ತೋರಿದರೂ ಒಂದು ಅಡಿ ಹವಳಕ್ಕೆ ಹದಿನೈದು ವರ್ಷವೆಂಬ ಲೆಕ್ಕದಲ್ಲಿ ಸಣ್ಣವಲ್ಲ. ಬಿಸಿಲಿಗೆ ಬಳಿದುಕೊಳ್ಳುವ ಲೇಪಗಳಲ್ಲಿನ ಕೆಲವು ರಾಸಾಯನಿಕಗಳು ಹವಳಕ್ಕೆ ಕೆಡುಕೆಂಬ ಶಂಕೆಯಿಂದ ಹವಾಯಿ ರಾಜ್ಯ 2018ರಲ್ಲಿ ಕಾನೂನು ಮಾಡಿ 2021ರಿಂದ ಅವುಗಳ ಮಾರಾಟವನ್ನು ನಿಲ್ಲಿಸಿತು. ಲೇಪದ ಬದಲು ತುಂಬುತೋಳಿನ ಅಂಗಿ ತೊಟ್ಟರೆ ಚರ್ಮಕ್ಕೂ ಹವಳಕ್ಕೂ ಒಳಿತು.

ಮುಟ್ಟಬಾರದೆಂಬ ನಿಯಮ ಹವಳದ ಹಿತಕ್ಕಷ್ಟೇ ಅಲ್ಲ. ಹವಳದ ಅಂಚು ಗರಗಸದಂತಿದ್ದು ಅದರ ಗೀರು ಬೇಗ ಮಾಯುವುದಿಲ್ಲ. ಬಂಡೆಯೆಂದು ತಿಳಿದು ಕಾಲಿಟ್ಟದ್ದು ಮುಳ್ಳಿನುಂಡೆಯಂತಹ ಕಡಲಕಂಟಕವಾಗಿರಬಹುದು. ನಂಜಿನ ಮುಳ್ಳುಳ್ಳ ಮೀನೂ ಆಗಿರಬಹುದು. ಕೈಗಳನ್ನು ಎದೆಗೆ ಕಟ್ಟಿಕೊಂಡು, ಕಾಲುಗಳನ್ನು ಸೊಂಟದಿಂದ ಮೆಲ್ಲನೆ ಆಡಿಸುತ್ತ ತೇಲುವವನಿಗೆ ಮೀನುಗಳು ಹೆದರುವುದಿಲ್ಲ. ಒದ್ದಾಡುವವನು ಏನನ್ನೂ ಕಾಣದೆ ದೋಣಿಗೆ ಮರಳುತ್ತಾನೆ. ದಣಿದಾಗ ನಿಲ್ಲಬೇಕೆನಿಸಿದರೆ ಅಂಗಾತನಾಗಿ ತಿರುಗಿ ಆಕಾಶ ನೋಡಬೇಕೇ ಹೊರತು ಕೆಳಗೆ ಕಾಲೂರಬಾರದು. ಇದನ್ನು ದೋಣಿ ಹತ್ತುವ ಮೊದಲೇ ಕೊಳದಲ್ಲಿ ಹತ್ತು ಸಲ ಅಭ್ಯಾಸ ಮಾಡಿದವನು ನೇತ್ರಾಣಿಯಲ್ಲಿ ಕಳೆಯುವ ಒಂದು ಗಂಟೆಯಲ್ಲಿ, ಅಭ್ಯಾಸವಿಲ್ಲದವನು ಒಂದು ದಿನದಲ್ಲಿ ನೋಡುವುದಕ್ಕಿಂತ ಹೆಚ್ಚು ನೋಡುತ್ತಾನೆ.

ಮರಳುವ ಚೀಲದಲ್ಲಿ ಹವಳದ ಚೂರು ಇರಕೂಡದು. ಕಲ್ಲಿನಂತಹ ಗಟ್ಟಿ ಹವಳಗಳನ್ನೂ ಕಡಲಬೀಸಣಿಗೆ, ಕಪ್ಪುಹವಳ ಮುಂತಾದವನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಎಂದರೆ ಹುಲಿ, ಆನೆಗಳ ಸಾಲಿಗೆ. ಹವಳದ ತುಂಡನ್ನು ಮುರಿದು ತಂದು ಮೇಜಿನ ಮೇಲಿಡುವುದು ಆನೆಯ ದಂತವನ್ನು ಇಟ್ಟುಕೊಂಡಂತೆಯೇ ಅಪರಾಧ. ಹಳೆಯ ಕಾಲದ ಶಾಲಾ ವಿಜ್ಞಾನ ಕೊಠಡಿಗಳ ಗಾಜಿನ ಬೀರುಗಳಲ್ಲಿ ಶಂಖ, ಕಡಲಕುದುರೆಗಳ ಪಕ್ಕದಲ್ಲಿ ಬಿಳಿಯ ಹವಳದ ಕೊಂಬೆಯೊಂದು ಇರುತ್ತಿದ್ದುದು ಹಲವು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಈಗ ಅದಕ್ಕೆ ಹೊಸ ಜೊತೆಯನ್ನು ತರುವಂತಿಲ್ಲ; ತರುವುದಾದರೆ ಛಾಯಾಚಿತ್ರವನ್ನು ತರಬಹುದು, ಇಲ್ಲವೇ ಹೋದವರೇ ತರಗತಿಗೆ ಬಂದು ಕಂಡದ್ದನ್ನು ಹೇಳಬಹುದು.

ಈ ಯಾತ್ರೆಗೆ ಕಾಲವೂ ಮಿತ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ದೋಣಿಗಳು ನೇತ್ರಾಣಿಗೆ ಹೋಗುತ್ತವೆ. ಅದರಲ್ಲಿಯೂ ಡಿಸೆಂಬರಿನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಕಡಲು ಶಾಂತ. ಜೂನ್ ಮೊದಲ ವಾರಕ್ಕೆ ಮುಂಗಾರು ಮುಟ್ಟಿದರೆ ಮುರುಡೇಶ್ವರದ ದೋಣಿಗಳನ್ನು ದಡಕ್ಕ್ಕೆಳೆದು ತೆಂಗಿನ ಗರಿಯನ್ನೋ ತಾಡಪಾಲನ್ನೋ ಹೊದಿಸುತ್ತಾರೆ. ಘಟ್ಟದ ಕೆಂಪುನೀರು ಕಡಲಿಗೆ ಇಳಿಯತೊಡಗುತ್ತದೆ. ಮುಂದಿನ ನಾಲ್ಕು ತಿಂಗಳು ನೇತ್ರಾಣಿಯ ಸುತ್ತ ಮನುಷ್ಯರ ಸುಳಿವಿರುವುದಿಲ್ಲ.